ಮುಂಬೈ ಸುತ್ತಿ ಬಂದ ಉತ್ತರ

ಟಾವರಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರೆ ಎರಡು ಪ್ರಶ್ನೆ ಕೇಳುತ್ತಾರೆ. ಪ್ರಮೋಷನ್ ಸಿಗುವುದು ಹೇಗೆ ಎಂಬುದು ಮೊದಲನೆಯದು. ಅದು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ನಾನೂ ಪಡೆಯುತ್ತಿದ್ದೆ. ತ್ರೀಜಿ ಬಂದಾಗ ಊರ ತುಂಬ ಬೋರ್ಡು ಹಾಕಿ ಅಷ್ಟೆಲ್ಲ ಹೇಳಿದ್ದರಲ್ಲ, ಅದರಲ್ಲಿ ನಿಜವಾದದ್ದೆಷ್ಟು ಎಂಬುದು ಎರಡನೆಯದು. ಇದಕ್ಕೆ ನನ್ನ ಹತ್ತಿರ ಉತ್ತರವಿದೆ. ಸ್ವಲ್ಪ ಉದ್ದದ ಉತ್ತರ, ಅವಸರವಿದ್ದವರು ಇಲ್ಲಿಗೇ ಬಿಡಬಹುದು.

ನಾನು ಮೂಲತಃ ಧಾರವಾಡದವನು. ರೇಡಿಯೋ ರಿಪೇರಿ ಕಲಿತು ಹೊಟ್ಟೆಪಾಡಿಗೆ ಗೋವಾದ ಮಡಗಾಂವ್‌ಗೆ ಬಂದು, ಎರಡು ಸಾವಿರದ ಇಸವಿಯಲ್ಲಿ ಒಂದು ಖಾಸಗಿ ಮೊಬೈಲ್ ಕಂಪನಿ ಸೇರಿದೆ. ಎರಡು ಸಾವಿರದ ಹನ್ನೆರಡರಲ್ಲಿ ನಿವೃತ್ತನಾದೆ. ಫೀಲ್ಡ್ ಟೆಕ್ನಿಷಿಯನ್ ಎಂದು ಹೆಸರು. ಕೆಲಸ ಏನೆಂದರೆ, ಪಣಜಿ ಆಫೀಸಿನವರು ಜಾಹೀರಾತಿನಲ್ಲಿ ಕೊಟ್ಟ ಮಾತಿಗೆ ಊರೂರು ತಿರುಗಿ ಬೈಸಿಕೊಳ್ಳುವುದು. ತಂತಿ, ಬ್ಯಾಟರಿ, ಆಂಟೆನಾ ಇವೆಲ್ಲ ಉಳಿದ ಹೊತ್ತಿನ ಕೆಲಸ. ನೀವೂ ಮೊದಲು ಬೈಸಿಕೊಳ್ಳುವುದನ್ನು ಕಲಿಯಿರಿ, ಉಳಿದದ್ದು ತಾನಾಗಿ ಬರುತ್ತದೆ.

ಈ ಕಥೆಯಲ್ಲಿ ಬರುವ ಮೇಲಧಿಕಾರಿ ಒಬ್ಬರೇ, ಸರದೇಸಾಯಿ ಸಾಹೇಬರು. ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ಓದಿದವರು. ನನ್ನ ಜೊತೆ ನಮ್ಮ ಕನ್ನಡದಲ್ಲೇ ಮಾತನಾಡುತ್ತಿದ್ದರು, ಕೋಪ ಬಂದಾಗ ಮಾತ್ರ ಇಂಗ್ಲಿಷಿಗೆ ಹೋಗುತ್ತಿದ್ದರು. ಕೆಟ್ಟವರಲ್ಲ. ಆದರೆ ಕಂಪನಿ ಹೇಳಿದ್ದನ್ನೆಲ್ಲ ನಂಬುತ್ತಿದ್ದರು. ಅಷ್ಟು ವರ್ಷ ಜನರ ನಡುವೆ ಕೆಲಸ ಮಾಡಿಯೂ ಹಾಗೆ ನಂಬುವುದು ಹೇಗೆ ಸಾಧ್ಯವಾಯಿತೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಶುರುವಿನ ದಿನಗಳಲ್ಲಿ ‘ಎಲ್ಲಿಂದ ಬೇಕಾದರೂ ಮಾತಾಡಿ’ ಎಂಬ ಬೋರ್ಡು ಗೋವಾದ ದಕ್ಷಿಣ ತುದಿಯ ಕಾಣಕೋಣದವರೆಗೂ ಹೋಯಿತು. ಸಿಗ್ನಲ್ ಅಷ್ಟು ದೂರ ಹೋಗಲಿಲ್ಲ. ಹೋದ ಚೂರುಪಾರು ಸಿಗ್ನಲ್ಲು ಬಸ್ ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. ಆ ಮೂಲೆಯಲ್ಲಿ ಒಬ್ಬ ಮೀನಿನ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ದಿನವಿಡೀ ಗಂಡಸರು ಅವಳ ಬುಟ್ಟಿಯ ಮುಂದೆ ನಿಂತು ಹಲೋ ಹಲೋ ಎಂದು ಕಿರುಚುತ್ತಿದ್ದರು, ಒಬ್ಬನೂ ಮೀನು ಕೊಳ್ಳುತ್ತಿರಲಿಲ್ಲ. ಅವಳು ‘ನುಸ್ತೆಂ ಜಾಯ್? ನಾ ಜಾಲ್ಯಾರ್ ವಚ್!’ ಎಂದು, ಅಂದರೆ ಮೀನು ಬೇಕಾದರೆ ನಿಲ್ಲು, ಇಲ್ಲವಾದರೆ ನಡೆ ಎಂದು ಕೊಂಕಣಿಯಲ್ಲಿ ಬೈದು, ಆಮೇಲೂ ಸರಿಯದವರ ಪ್ಯಾಂಟಿಗೆ ಮೀನು ತೊಳೆದ ನೀರು ಎರಚುವುದನ್ನು ಶುರುಮಾಡಿದಳು. ದೂರು ಪಣಜಿಗೆ ಹೋಯಿತು. ಇನ್ನೊಂದು ಟಾವರ್ ಬೇಕು ಎಂದು ನಾನು ಬರೆದೆ. ಸಾಹೇಬರು ಫೋನ್ ಮಾಡಿ, ‘ಬಸಣ್ಣ, ಟಾವರ್ ಯಾಕ? ಆ ಹೆಣ್ಣಮಗಳನ್ನ ಬ್ಯಾರೆ ಕಡೆ ಕೂಡಸಾಕ ಆಗೂದಿಲ್ಲೇನು?’ ಎಂದರು. ನಾನು ಹೋಗಿ ಕೇಳಿದೆ. ನನ್ನ ಪ್ಯಾಂಟೂ ಒದ್ದೆಯಾಯಿತು.

ಇನ್ನು ಡ್ರೈವ್ ಟೆಸ್ಟ್. ನೀವೂ ಮಾಡುತ್ತೀರಿ, ಆದ್ದರಿಂದ ಇದನ್ನು ತಿಳಿದಿರಬೇಕು. ಜೀಪಿನಲ್ಲಿ ಫೋನು, ಲ್ಯಾಪ್‌ಟಾಪ್ ಇಟ್ಟುಕೊಂಡು ರಸ್ತೆ ರಸ್ತೆ ಸುತ್ತಿದರೆ ನಕ್ಷೆಯ ಮೇಲೆ ಗೆರೆ ಬೀಳುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಬಂದಲ್ಲಿ ಹೋಗಿ ಸರಿಮಾಡಬೇಕು ಎಂದು ಪುಸ್ತಕದಲ್ಲಿ ಬರೆದಿದೆ. ಸಾಹೇಬರ ಪದ್ಧತಿ ಬೇರೆ. ಕೆಂಪು ಬಂದ ರಸ್ತೆಗೆ ಮುಂದಿನ ಸಲ ಜೀಪು ಹೋಗುತ್ತಿರಲಿಲ್ಲ. ಸಮುದ್ರದ ದಂಡೆಯ ಕಡೆ ಟೆಸ್ಟ್ ಮಾಡುವುದಿದ್ದರೆ ಬೆಳ್ಳಂಬೆಳಗ್ಗೆ ಕಳಿಸುತ್ತಿದ್ದರು. ಆ ಹೊತ್ತಿಗೆ ಹಿಂದಿನ ರಾತ್ರಿ ಕುಡಿದ ಟೂರಿಸ್ಟುಗಳೆಲ್ಲ ಮಲಗಿರುತ್ತಿದ್ದರು, ನೆಟ್‌ವರ್ಕ್ ಪೂರ್ತಿ ಖಾಲಿ. ಹೀಗೆ ಮಾಡುತ್ತ ಮಾಡುತ್ತ ವರ್ಷ ಮುಗಿಯುವಷ್ಟರಲ್ಲಿ ದಕ್ಷಿಣ ಗೋವಾದ ನಕ್ಷೆ ಇಡಿಯಾಗಿ ಹಸಿರಾಯಿತು. ಸಾಹೇಬರು ಅದಕ್ಕೆ ಕಟ್ಟು ಹಾಕಿಸಿ ಮಡಗಾಂವ್ ಆಫೀಸಿನ ಗೋಡೆಗೆ ತೂಗುಹಾಕಿದರು. ಆ ನಕ್ಷೆಯ ಕೆಳಗೇ ಕೂತು ನಾನು ಗಿರಾಕಿಗಳ ಬೈಗುಳ ಕೇಳುತ್ತಿದ್ದೆ.

ಎರಡು ಸಾವಿರದ ಹನ್ನೊಂದರಲ್ಲಿ ತ್ರೀಜಿ ಬಂತು. ಇನ್ನು ಮೇಲೆ ಮಾತು ಕೇಳುವುದಷ್ಟೇ ಅಲ್ಲ, ಮಾತಾಡುವವರ ಮುಖವೂ ಕಾಣುತ್ತದೆ ಎಂದು ಕಂಪನಿ ಸಾರಿತು. ಕನ್ನಡದ ಗಿರಾಕಿಗಳಿಗಾಗಿ ಘೋಷಣೆಯನ್ನು ಕನ್ನಡಕ್ಕೆ ಮಾಡುವ ಕೆಲಸ ನನಗೇ ಬಿತ್ತು. ‘ಇದ್ದದ್ದು ಇದ್ದ ಹಾಗೆ, ಕಣ್ಣೆದುರಿಗೆ’ ಎಂದು ಬರೆದುಕೊಟ್ಟೆ. ಮಡಗಾಂವ್ ಮಾರ್ಕೆಟ್ಟಿನ ಈರಣ್ಣ ಶೆಟ್ಟರ ಬಟ್ಟೆ ಅಂಗಡಿಯ ಮೇಲೆ ಅದು ದೊಡ್ಡದಾಗಿ ಏರಿತು. ಶೆಟ್ಟರು ಬೆಳಗಾವಿ ಕಡೆಯವರು. ಸೀರೆ, ಧೋತರದ ಜೊತೆಗೆ ಗಲ್ಲೆಯ ಪಕ್ಕದಲ್ಲಿ ನಮ್ಮ ಕಂಪನಿಯ ಸಿಮ್ಮನ್ನೂ ಮಾರುತ್ತಿದ್ದರು.

ಅದೇ ಸಮಯಕ್ಕೆ ಶೆಟ್ಟರ ಮಗ ಮಹಾಂತೇಶನಿಗೆ ನನ್ನ ತಂಗಿ ಶಾಂತಾಳ ಮಗಳು ವಿಜಯಾಳನ್ನು ಕೇಳುವ ಮಾತು ನಡೆದಿತ್ತು. ವಿಜಯಾ ಎಂ.ಎಸ್ಸಿ. ಮಾಡಿ ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮದುವೆಯಾದ ಮೇಲೂ ಕಲಿಸುತ್ತೇನೆ ಎಂದು ಖಡಾಖಂಡಿತ ಹೇಳುತ್ತಿದ್ದಳು. ಆ ಮಾತಿಗೇ ಎರಡು ಮೂರು ಕಡೆಯವರು ಹಿಂದೆ ಸರಿದಿದ್ದರು. ಶಾಂತಾ ಹೈರಾಣಾಗಿದ್ದಳು. ಈ ಸಂಬಂಧವಾದರೂ ಕೂಡಿಬರಲಿ ಎಂದು ನಾನೇ ನಡುವೆ ನಿಂತು ಮಾತು ತಂದಿದ್ದೆ. ಮಡಗಾಂವ್‌ನಲ್ಲೂ ಶಾಲೆಗಳಿವೆಯಲ್ಲ ಎಂಬುದು ನನ್ನ ಲೆಕ್ಕ.

ಇದು ಸಾಹೇಬರ ಕಿವಿಗೆ ಬಿತ್ತು. ಮರುದಿನವೇ ಅಂಗಡಿಗೆ ಬಂದರು. ‘ಶೆಟ್ರ, ಧಾರವಾಡಕ್ಕ ಯಾಕ ಹೋಗತೀರಿ? ವಿಡಿಯೋ ಕಾಲ್ ಮ್ಯಾಲೆ ಕನ್ಯಾ ನೋಡ್ರಿ. ಗೋವಾದಾಗ ಫಸ್ಟ್ ಟೈಮ್! ನಮ್ಮ ಫೋಟೋಗ್ರಾಫರ್ ಬರ್ತಾನ, ಪಾಂಪ್ಲೆಟ್‌ನಾಗ ನಿಮ್ಮ ಫೋಟೋ ಬರತೈತಿ’ ಎಂದರು. ಸೀಸನ್ನಿನಲ್ಲಿ ಅಂಗಡಿ ಮುಚ್ಚುವುದು ತಪ್ಪಿತಲ್ಲ ಎಂದು ಶೆಟ್ಟರಿಗೆ ಖುಷಿ.

ನಾನು ಸಾಹೇಬರನ್ನು ಪಕ್ಕಕ್ಕೆ ಕರೆದೆ. ‘ಸಾಹೇಬ್ರ, ಇದು ಮನಿ ಹುಡುಗಿ ಲಗ್ನದ ಮಾತು. ಇನ್ನೂ ಲೈನ್ ಸರಿ ಕುಂತಿಲ್ರಿ.’

‘ಟೆಸ್ಟ್ ಆಗೇತಿ ಬಸಣ್ಣ. ಎಲ್ಲಾ ಹಸರ ಬಂದೈತಿ.’

ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ಹಸಿರು ಬಂದಿತ್ತೆಂದು ನನಗೆ ಗೊತ್ತಿತ್ತು. ಆದರೆ ಶಾಂತಾ ಕೂಡ ಫೋನಿನಲ್ಲಿ, ‘ನೀ ಅಲ್ಲೇ ಇರ್ತೀಯಲ್ಲ ಅಣ್ಣಾ, ನನಗೇನ ಅಂಜಿಕಿ?’ ಎಂದುಬಿಟ್ಟಳು.

ನಮ್ಮ ಕಡೆ ಕನ್ಯೆ ನೋಡುವುದೆಂದರೆ ಅದಕ್ಕೊಂದು ಕ್ರಮವಿದೆ. ಹುಡುಗಿ ಸೆರಗು ಹೊದ್ದು, ತಲೆ ತಗ್ಗಿಸಿ ಕೂರಬೇಕು. ಹುಡುಗನ ಕಡೆಯ ಹಿರಿಯ ಹೆಂಗಸು, ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಮತ್ತೆ ಕೇಳಬೇಕು. ಹೆಸರು ಬೇಕಾಗಿರುವುದಿಲ್ಲ. ಹುಡುಗಿಗೆ ಕಿವಿ ಕೇಳುತ್ತದೆಯೇ, ನಾಲಿಗೆ ತೊದಲುತ್ತದೆಯೇ, ತಲೆ ಓಡುತ್ತದೆಯೇ ಎಂಬುದೆಲ್ಲ ಆ ಒಂದು ಉತ್ತರದ ಚುರುಕಿನಲ್ಲಿ ಗೊತ್ತಾಗಬೇಕು. ಶೆಟ್ಟರ ಮನೆಯಲ್ಲಿ ಈ ಅಧಿಕಾರ ಶೆಟ್ಟರ ಅಕ್ಕ ನೀಲವ್ವನದು. ಮಹಾಂತೇಶ ಅವಳ ಕೈಯಲ್ಲೇ ಬೆಳೆದವನು. ನೀಲವ್ವ ತೂಕ ಮಾಡದೆ ಆ ಮನೆಗೆ ಒಂದು ತೆಂಗಿನಕಾಯಿಯೂ ಬರುತ್ತಿರಲಿಲ್ಲ.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಫೋನನ್ನು ಟೀವಿಗೆ ಜೋಡಿಸಿದೆವು. ಅತ್ತ ಧಾರವಾಡದಲ್ಲಿ ನಮ್ಮ ಕಂಪನಿಯ ಹುಡುಗನೊಬ್ಬ ಶಾಂತಾಳ ಮನೆಗೆ ಫೋನ್ ತೆಗೆದುಕೊಂಡು ಹೋಗಿದ್ದ. ಪಡಸಾಲೆಯ ತುಂಬ ಜನ. ಅಕ್ಕಪಕ್ಕದ ಬಟ್ಟೆ ಅಂಗಡಿಗಳವರ ಹೆಂಗಸರೆಲ್ಲ ಬಂದಿದ್ದರು. ಮಹಾಂತೇಶ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಅತ್ತೆ ನೀಲವ್ವನ ಪಕ್ಕ ಕೂತಿದ್ದ. ಸಾಹೇಬರು ಟೈ ಕಟ್ಟಿಕೊಂಡು ಟೀವಿಯ ಪಕ್ಕ ನಿಂತಿದ್ದರು.

ಚಿತ್ರ ಬಂತು. ಅಂಗೈಯಷ್ಟು ಪರದೆಗೆ ಮಾಡಿದ ಚಿತ್ರವನ್ನು ದೊಡ್ಡ ಟೀವಿಗೆ ಎಳೆದರೆ ಏನಾಗಬೇಕೋ ಅದೇ ಆಯಿತು. ಹುಡುಗಿ ಚೌಕ ಚೌಕವಾಗಿ ಕಂಡಳು. ಕ್ರಮದಂತೆ ತಲೆ ತಗ್ಗಿಸಿದ್ದಳಾದ್ದರಿಂದ ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ‘ಮಾರಿ ಎತ್ತವ್ವಾ’ ಎಂದಳು ನೀಲವ್ವ. ಬೈತಲೆ ಅಲುಗಲಿಲ್ಲ. ‘ಇರಲಿ ಬಿಡು, ನಾಚತೈತಿ ಹುಡುಗಿ’ ಎಂದು ಯಾರೋ ಅಂದ ಮೇಲೆ ಹುಡುಗಿ ಮುಖ ಎತ್ತಿದಳು. ನೀಲವ್ವನ ಮಾತು ಅವಳಿಗೆ ತಡವಾಗಿ ಮುಟ್ಟಿದೆ ಎಂದು ನನಗೆ ಆಗಲೇ ತಿಳಿಯಿತು.

ಯಾಕೆಂದರೆ ನಮ್ಮ ತ್ರೀಜಿಯ ಕರೆಗಳೆಲ್ಲ ಆಗ ಮುಂಬೈಯ ಯಂತ್ರವೊಂದನ್ನು ಸುತ್ತಿ ಹೋಗುತ್ತಿದ್ದವು. ಮಡಗಾಂವ್‌ನ ಮಾತು ಪಣಜಿಗೆ, ಅಲ್ಲಿಂದ ಮುಂಬೈಗೆ, ಅಲ್ಲಿಂದ ಧಾರವಾಡಕ್ಕೆ. ಉತ್ತರವೂ ಅದೇ ದಾರಿ ಹಿಡಿದು ವಾಪಸ್ಸು. ಜೊತೆಗೆ ಚಿತ್ರದ ಭಾರ ಬೇರೆ. ಸಮಾಧಾನದಿಂದ ಮಾತನಾಡುವವರಿಗೆ ಅದು ಅಷ್ಟು ತಿಳಿಯುವುದಿಲ್ಲ. ನೀಲವ್ವನಿಗೆ ಸಮಾಧಾನ ಇರಲಿಲ್ಲ.

‘ಏನವ್ವಾ ನಿನ್ನ ಹೆಸರು?’ ಎಂದಳು. ಟೀವಿ ಸುಮ್ಮನಿತ್ತು. ನೀಲವ್ವ ಮುಂದಿನದಕ್ಕೆ ಹೋದಳು.

‘ಅಡಗಿ ಬರತೈತೇನು?’

‘ವಿಜಯಾ ರೀ’ ಎಂದಿತು ಟೀವಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ‘ಎಷ್ಟು ಕಲತೀವಾ?’

‘ಬರತೈತ್ರಿ.’

‘ಸಿಟ್ಟು ಭಾಳ ಐತೇನು?’

‘ಎಂ.ಎಸ್ಸಿ. ರೀ.’

ನೀಲವ್ವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಕಟ್ಟಕಡೆಯ ಪ್ರಶ್ನೆಯನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು. ‘ಅತ್ತೀ ಮಾತು ಕೇಳತೀ ಹೌದಿಲ್ಲೋ?’

‘ಇಲ್ರಿ’ ಎಂದಳು ನನ್ನ ಸೊಸೆ, ಸಿಟ್ಟಿನ ಪ್ರಶ್ನೆಗೆ, ಭಾಳ ನಮ್ರವಾಗಿ.

ಧಾರವಾಡದವರೂ ಒಂದೆರಡು ಪ್ರಶ್ನೆ ಕೇಳಿದರು. ಶಾಂತಾಳ ಗಂಡ ಮಹಾಂತೇಶನಿಗೆ ‘ಅಂಗಡಿ ಒಳಗ ನೀವ ಏನ ನೋಡ್ತೀರಿ?’ ಎಂದಿದ್ದು ನನಗೆ ಕೇಳಿಸಿತು. ಟೀವಿಯಲ್ಲಿ ಆಗ ಮತ್ತೆ ಬೈತಲೆಯೇ ಕಾಣುತ್ತಿತ್ತು. ಅವನು ತುಟಿ ತೆರೆದ, ಫೋಟೋಗ್ರಾಫರ್ ಕ್ಲಿಕ್ಕಿಸಿದ, ಅವನು ತುಟಿ ಮುಚ್ಚಿದ. ಅಷ್ಟರಲ್ಲಿ ಲೈನು ಕಡಿದು ಹೋಯಿತು. ಸಾಹೇಬರು ‘ವಂಡರ್‌ಫುಲ್’ ಎಂದು ಚಪ್ಪಾಳೆ ತಟ್ಟಿದರು.

ನೀಲವ್ವ ಎಲೆಯಡಿಕೆ ಡಬ್ಬಿ ತೆರೆಯುತ್ತ ತೀರ್ಪು ಕೊಟ್ಟಳು. ‘ಹುಡುಗಿ ಚಂದ ಅದಾಳ. ಆದ್ರ ಮಂದ ಅದಾಳ. ಒಂದು ಕೇಳಿದ್ರ ಒಂದು ಹೇಳತೈತಿ ಕೂಸು.’

ಅಲ್ಲಿ ಕೂತಿದ್ದ ಹೆಂಗಸರ ತವರುಮನೆಗಳು ಬೆಳಗಾವಿ, ಹುಬ್ಬಳ್ಳಿ, ಗೋಕಾಕ, ಬೈಲಹೊಂಗಲದಲ್ಲಿದ್ದವು. ಸಂಜೆಯೊಳಗೆ ಆ ಮಾತು ಎಲ್ಲ ಕಡೆ ಮುಟ್ಟುತ್ತಿತ್ತು, ಅದೂ ನಮ್ಮದೇ ನೆಟ್‌ವರ್ಕಿನ ಮೇಲೆ. ನೌಕರಿ ಬಿಡುವುದಿಲ್ಲ ಎನ್ನುವ ಹುಡುಗಿ ಎಂಬ ಹೆಸರನ್ನು ಹೇಗೋ ತಡೆದುಕೊಳ್ಳಬಹುದು. ಮಂದ ಎಂಬ ಹೆಸರು ಹತ್ತಿತೆಂದರೆ ಮತ್ತೆ ಯಾರೂ ಅವಳ ಮನೆಯ ಮೆಟ್ಟಿಲು ಹತ್ತುವುದಿಲ್ಲ. ನಾನು ಎದ್ದು ನಿಂತೆ.

‘ಅಕ್ಕಾರ, ಹುಡುಗಿ ಮಂದ ಅಲ್ರಿ. ನಮ್ಮ ಲೈನ್ ಮಂದ ಐತಿ. ಅಕಿ ಎಲ್ಲಾದಕ್ಕೂ ಸರಿಯಾಗೇ ಹೇಳ್ಯಾಳ. ಉತ್ತರ ತಡಾ ಮಾಡಿ ಬಂದಾವು.’

ಸಾಹೇಬರ ಮುಖ ಕಪ್ಪಿಟ್ಟಿತು. ‘ಏನ್ ಮಾತಾಡಾಕತ್ತೀರಿ ಬಸಣ್ಣ? ನಮ್ಮ ನೆಟ್‌ವರ್ಕ್‌ನಾಗ ತಡಾ ಅನ್ನೂದ ಇಲ್ಲ. ಹುಡುಗೀರು ನರ್ವಸ್ ಆಗ್ತಾರ್ರಿ ಅಕ್ಕಾರ, ನ್ಯಾಚುರಲ್.’

ಹನ್ನೊಂದು ವರ್ಷ ಆ ಮನುಷ್ಯನ ಕೈಕೆಳಗೆ ಕೆಲಸ ಮಾಡಿದ್ದೆ. ಮೀನಿನ ಹೆಂಗಸಿನಿಂದ ನೀರು ಎರಚಿಸಿಕೊಂಡಾಗಲೂ ಬರದಿದ್ದ ಸಿಟ್ಟು ಆಗ ಬಂತು. ತಮ್ಮ ಕಂಪನಿಯ ಮಾನ ಉಳಿಸಲು ನನ್ನ ಸೊಸೆಯ ಮಾನ ಕಳೆಯಲು ಹೊರಟಿದ್ದರು. ‘ತಡಾ ಐತ್ರಿ ಸಾಹೇಬ್ರ. ನಿಮಗೂ ಗೊತ್ತೈತಿ’ ಎಂದೆ, ಎಲ್ಲರ ಎದುರಿಗೇ.

‘ಗೊತ್ತೈತೇನು? ತೋರಸ್ತೀನಿ’ ಎಂದು ಸಾಹೇಬರು ಇನ್ನೊಂದು ಫೋನು ಹಿಡಿದುಕೊಂಡರು. ‘ನಾ ಮ್ಯಾಲ ಗೋಡೌನಿಗೆ ಹೋಗಿ ಕಾಲ್ ಮಾಡ್ತೀನಿ. ಅಕ್ಕಾರ, ನೀವು ಏನ ಬೇಕಾದ್ರೂ ಕೇಳ್ರಿ. ಹೆಂಗ ಪಟ್ ಅಂತ ಉತ್ತರ ಬರತೈತಿ ನೋಡ್ರಿ!’ ಫೋಟೋಗ್ರಾಫರಿಗೆ ತಯಾರಾಗಿರಲು ಹೇಳಿ, ಸೀರೆಯ ಗಂಟುಗಳನ್ನು ಪೇರಿಸಿಟ್ಟಿದ್ದ ಮಾಳಿಗೆಗೆ ಏಣಿ ಹತ್ತಿ ಹೋದರು. ಆ ಮಾಳಿಗೆಗೆ ಹಳೆಯ ಹಲಗೆಯ ನೆಲ. ಮೇಲೆ ಇಲಿ ಓಡಾಡಿದರೂ ಕೆಳಗೆ ಕೇಳಿಸುತ್ತಿತ್ತು.

ಟೀವಿಯಲ್ಲಿ ಸಾಹೇಬರು ಕಾಣಿಸಿಕೊಂಡರು, ಚೌಕ ಚೌಕವಾಗಿ, ಟೈ ಸರಿಮಾಡಿಕೊಳ್ಳುತ್ತ. ನೀಲವ್ವನಿಗೆ ಕನ್ಯೆಯಾದರೇನು, ಸಾಹೇಬನಾದರೇನು, ಗೊತ್ತಿದ್ದ ಕ್ರಮ ಒಂದೇ.

‘ಏನಪಾ ನಿನ್ನ ಹೆಸರು?’

‘ಸರದೇಸಾಯಿ!’ ಎಂದಿತು ಮಾಳಿಗೆ. ಟೀವಿಯ ಸಾಹೇಬರು ಬಾಯಿ ಮುಚ್ಚಿಕೊಂಡು ಇನ್ನೂ ಟೈ ಸರಿಮಾಡುತ್ತಿದ್ದರು. ಎಲ್ಲರೂ ತಲೆ ಎತ್ತಿ ಹಲಗೆ ನೋಡಿದರು. ಆಮೇಲೆ ಟೀವಿಯ ಸಾಹೇಬರು ಬಾಯಿ ತೆರೆದು ‘ಸರದೇಸಾಯಿ!’ ಎಂದರು. ಎಲ್ಲರೂ ತಲೆ ಇಳಿಸಿ ಟೀವಿ ನೋಡಿದರು. ಇಷ್ಟರಲ್ಲಿ ಹಲಗೆಯ ಸಂದಿಯಿಂದ ಒಮ್ಮೆ ಕೇಳಿಸಿದ್ದ ನೀಲವ್ವನ ಪ್ರಶ್ನೆ ಫೋನಿನಲ್ಲಿ ಅವರಿಗೆ ಎರಡನೆಯ ಸಲ ಮುಟ್ಟಿತು. ‘ಹೇಳಿದೆನಲ್ರಿ, ಸರದೇಸಾಯಿ!’ ಎಂದಿತು ಮಾಳಿಗೆ. ಸ್ವಲ್ಪ ಹೊತ್ತಿಗೆ ಟೀವಿಯೂ ಅದನ್ನೇ ಹೇಳಿತು.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನೀಲವ್ವ ನಗಲಿಲ್ಲ. ಅವಳು ಪರೀಕ್ಷೆಯನ್ನು ಅರ್ಧಕ್ಕೆ ಬಿಡುವವಳಲ್ಲ.

‘ಅತ್ತೀ ಮಾತು ಕೇಳತೀಯೇನಪಾ?’

‘ನೋ ಡಿಲೇ!’ ಎಂದು ಮಾಳಿಗೆ ಗುಡುಗಿತು. ‘ನೋಡಿದ್ರಿಲ್ಲೋ? ನೋ ಡಿಲೇ ಅಟ್ ಆಲ್!’

‘ನೋ ಡಿಲೇ!’ ಎಂದಿತು ಟೀವಿ, ಮಾಳಿಗೆ ಪೂರ್ತಿ ತಣ್ಣಗಾದ ಮೇಲೆ.

ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಗುತ್ತಿದ್ದ. ನೀಲವ್ವ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು. ‘ಬಸಣ್ಣ ಖರೇ ಹೇಳ್ಯಾನ. ಸಾಹೇಬ ಮ್ಯಾಲ ಅದಾನ, ಮಾತು ಎಲ್ಲೆಲ್ಲೋ ಅಡ್ಡಾಡಿ ಬರಾಕತ್ತೈತಿ. ಆ ಕೂಸಿಗೆ ಸುಮ್ಮ ಸುಮ್ಮನ ಮಂದ ಅಂದ್ನಿ. ಈರಣ್ಣ, ಟಿಕೀಟ್ ತಗಸು. ನಾವ ಧಾರವಾಡಕ್ಕ ಹೋಗೂಣು.’ ಆ ಹೆಂಗಸಿನ ಮೇಲೆ ನನಗೆ ಆವತ್ತು ಹುಟ್ಟಿದ ಗೌರವ ಇವತ್ತಿಗೂ ಇದೆ. ತಪ್ಪಾಯಿತು ಎಂದು ನಮ್ಮ ಕಂಪನಿ ಒಂದು ಸಲವೂ ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನಾನು ಕಂಡಿಲ್ಲ.

ಸಂಜೆ ಶಾಂತಾ ಫೋನ್ ಮಾಡಿದಳು. ‘ಅಣ್ಣಾ, ಎಲ್ಲಾ ಚಲೋ ಆತು. ಆದ್ರ ಹುಡುಗ ಯಾಕ ಹಂಗ? ಏನ ಕೇಳಿದ್ರೂ ಕಣ್ಣು ಪಿಳಿ ಪಿಳಿ ಬಿಡತಾನ. ಕಿವಿ ಏನರೆ ಮಂದ ಅದಾವೇನು?’

‘ಇಲ್ಲವಾ, ಅದೆಲ್ಲ ಲೈನಿನ ತಡಾ. ಇಲ್ಲೂ ಹಂಗ ಆತು’ ಎಂದು ನಾನು ಧೈರ್ಯ ಹೇಳಿದೆ.

ಮುಂದಿನ ವಾರ ರೈಲು ಹತ್ತಿದೆವು. ಘಟ್ಟದ ಸುರಂಗಗಳಲ್ಲಿ ಶೆಟ್ಟರ ಹೊಸ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಅದರಿಂದ ಎಲ್ಲರೂ ಒಬ್ಬರಿಗೊಬ್ಬರು ಮಾತಾಡುತ್ತ ಹೋದೆವು. ಶಾಂತಾಳ ಮನೆಯಲ್ಲಿ ಅವಲಕ್ಕಿ, ಶಿರಾ, ಚಹಾ ಆಯಿತು. ವಿಜಯಾ ಬಂದು ಕೂತಳು. ನೀಲವ್ವ ಪ್ರಶ್ನೆ ಮುಗಿಸುವ ಮೊದಲೇ ಇವಳ ಉತ್ತರ ತಯಾರಿರುತ್ತಿತ್ತು. ಅತ್ತೆಯ ಮಾತಿನ ಪ್ರಶ್ನೆಗೆ, ‘ಕೇಳತೇನ್ರಿ. ಸರಿ ಇದ್ದದ್ದು ಮಾಡತೇನಿ, ಇಲ್ಲದ್ದು ತಿರುಗಿ ಹೇಳತೇನಿ’ ಎಂದಳು. ನೀಲವ್ವ ಮೊದಲ ಸಲ ನಕ್ಕಳು.

ಇನ್ನು ನೀನೂ ಏನಾದರೂ ಕೇಳವ್ವಾ ಎಂದರು ಶೆಟ್ಟರು, ಉದಾರ ಮನಸ್ಸಿನಿಂದ. ವಿಜಯಾ ತಲೆ ಎತ್ತಿ ಮಹಾಂತೇಶನನ್ನೇ ನೋಡಿ ಕೇಳಿದಳು.

‘ಲಗ್ನ ಆದ ಮ್ಯಾಲೂ ನಾ ಸಾಲಿ ಒಳಗ ಕಲಸಾಕ ಹೋಗತೇನ್ರಿ. ನಿಮಗ ನಡೀತೈತೇನ್ರಿ?’

ಇಬ್ಬರ ನಡುವೆ ಇದ್ದದ್ದು ಒಂದು ಚಹಾದ ತಟ್ಟೆ. ಮಹಾಂತೇಶ ತುಟಿ ತೆರೆದ, ಮುಚ್ಚಿದ. ನೀಲವ್ವನ ಮುಖ ನೋಡಿದ. ಅವಳು ಎಲೆ ಮಡಚುತ್ತಿದ್ದಳು, ನೋಡಲಿಲ್ಲ. ಅಪ್ಪನ ಮುಖ ನೋಡಿದ. ಅಲ್ಲಿಂದ ಗೋಡೆಯ ಕ್ಯಾಲೆಂಡರ್ ನೋಡಿದ, ಮತ್ತೆ ಅತ್ತೆಯ ಮುಖಕ್ಕೆ ಬಂದ. ವಿಜಯಾ ಕಾದಳು. ಎಲ್ಲರೂ ಕಾದರು. ಕಡೆಗೆ ಅವನು ಬಾಯಿ ಬಿಟ್ಟು ಹೇಳಿದ್ದು ಇಷ್ಟೇ, ‘ಅತ್ತಿನ ಕೇಳಿ ಹೇಳತೇನ್ರಿ.’

ಅತ್ತೆ ಅವನ ಪಕ್ಕದಲ್ಲೇ ಕೂತಿದ್ದಳು. ವಿಜಯಾ ಖಾಲಿ ಕಪ್ಪುಗಳನ್ನು ತಟ್ಟೆಗೆ ಜೋಡಿಸಿಕೊಂಡು ಎದ್ದಳು. ಒಳಗೆ ಹೋಗುತ್ತ ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು. ‘ಮಾಮಾ, ಇದು ಯಾವ ಟಾವರಿನ ತಡಾ?’

ಈ ಸಂಬಂಧ ಬೇಡ ಎಂದು ವಿಜಯಾಳೇ ಹೇಳಿ ಕಳಿಸಿದಳು. ಶಾಂತಾ ಎರಡು ದಿನ ಅತ್ತು, ಮೂರನೆಯ ದಿನ ‘ಅಕಿ ಮಾಡಿದ್ದು ಚಲೋ ಆತು ಬಿಡಣ್ಣಾ’ ಎಂದಳು. ಮಂದ ಎಂಬ ಹೆಸರಂತೂ ವಿಜಯಾಳಿಗೆ ಅಂಟಲಿಲ್ಲ, ನೀಲವ್ವನೇ ಮಾರ್ಕೆಟ್ಟಿನ ತುಂಬ ಹುಡುಗಿಯನ್ನು ಹೊಗಳಿಕೊಂಡು ತಿರುಗಿದಳು. ಸರದೇಸಾಯಿ ಸಾಹೇಬರು ನನ್ನನ್ನು ಮಳೆಗಾಲ ಮುಗಿಯುವತನಕ ಕಾಣಕೋಣಕ್ಕೆ ಹಾಕಿದರು. ಮೀನಿನ ಹೆಂಗಸು ಇನ್ನೂ ಅದೇ ಮೂಲೆಯಲ್ಲಿದ್ದಳು, ಸಿಗ್ನಲ್ಲೂ ಅಲ್ಲೇ ಇತ್ತು.

ಪಾಂಪ್ಲೆಟ್ ಮಾತ್ರ ಹೇಳಿದಂತೆ ಅಚ್ಚಾಗಿ ಬಂತು. ಟೀವಿಯಲ್ಲಿ ಚೌಕ ಚೌಕವಾದ ಒಂದು ಬೈತಲೆ, ಅದರ ಎದುರು ನೀಲವ್ವ, ಪಕ್ಕದಲ್ಲಿ ಬಾಯಿ ಅರ್ಧ ತೆರೆದ ಮಹಾಂತೇಶ. ಮೇಲೆ ನಾನೇ ಬರೆದ ಸಾಲು, ‘ಇದ್ದದ್ದು ಇದ್ದ ಹಾಗೆ, ಕಣ್ಣೆದುರಿಗೆ’. ಅದರ ಒಂದು ಪ್ರತಿ ನನ್ನ ಹತ್ತಿರ ಇದೆ. ತ್ರೀಜಿ ಕೊಟ್ಟ ಮಾತು ನಡೆಸಿತೇ ಎಂದು ಹುಡುಗರು ಕೇಳಿದರೆ ಅದನ್ನು ತೆಗೆದು ತೋರಿಸುತ್ತೇನೆ. ಸಾಹೇಬರನ್ನು ತಪ್ಪಾಗಿ ತೋರಿಸಿತು, ನನ್ನ ಸೊಸೆಯನ್ನು ತಪ್ಪಾಗಿ ತೋರಿಸಿತು. ಆ ಹುಡುಗನನ್ನು ಮಾತ್ರ ಇದ್ದದ್ದು ಇದ್ದ ಹಾಗೆ ತೋರಿಸಿತ್ತು, ನಾನೇ ಅದನ್ನು ಲೈನಿನ ತಡಾ ಎಂದುಕೊಂಡೆ.